ಕಿಂಡಿ ದವಾಖಾನೆ

ಲಕ್ಷ್ಮೇಶ್ವರ
೮ ಜುಲೈ ೧೯೫೬

ಸೌ. ತಾರಾಬಾಯಿಯವರಿಗೆ ಲಕ್ಷ್ಮೇಶ್ವರದ ಬೀಗತಿಯ ನಮಸ್ಕಾರಗಳು.

ನಿಮ್ಮ ಕಾರ್ಡು ನಿನ್ನೆ ಮುಟ್ಟಿತು. ಗದಗಿನಲ್ಲಿ ಮಳೆ ಹೇಗಿದೆ, ಜೋಳದ ಧಾರಣೆ ಹೇಗಿದೆ, ನಮ್ಮ ಅಳಿಯ ಶ್ರೀಪಾದರಾಯರಿಗೆ ಕಚೇರಿಯಲ್ಲಿ ಕೆಲಸ ಎಷ್ಟಿದೆ ಎಂದು ಎಲ್ಲ ಬರೆದು, ಕಟ್ಟಕಡೆಗೆ ಜಾಗವಿಲ್ಲದ ಮೂಲೆಯಲ್ಲಿ ‘ಪದ್ಮಾಗೆ ನಾಲ್ಕು ತಿಂಗಳು’ ಎಂದು ಬರೆದಿದ್ದೀರಿ. ಮಗಳು ಹೇಳಲು ನಾಚಿದಳು ಅನ್ನೋಣ, ನೀವೇಕೆ ನಾಚಿದಿರಿ? ಅಂಚೆಯವನು ಅದನ್ನು ನನಗಿಂತ ಮೊದಲೇ ಓದಿಕೊಂಡು ಬಂದು, “ಅಜ್ಜಿ ಆಗಾಕತ್ತೀರಿ ಬಾಯಾರ, ಸಕ್ರಿ ಕೊಡ್ರಿ” ಎಂದು ಬಾಗಿಲಲ್ಲೇ ಕೈ ಚಾಚಿದ. ಸಕ್ಕರೆ ಕೊಟ್ಟೆ. ಆಮೇಲೆ ಕಾರ್ಡು ಓದಿ ಅತ್ತೆ. ನಮ್ಮ ಮನೆಯವರು ಶಾಲೆಯಿಂದ ಬಂದು, ಯಾರು ಹೋದರು ಎಂದು ಗಾಬರಿಯಾದರು. ಹೋಗಿಲ್ಲ, ಬರುತ್ತಿದ್ದಾರೆ ಎಂದೆ.

ಈಗ ಮುಖ್ಯ ಮಾತು. ಚೊಚ್ಚಲ ಬಾಣಂತನ ತವರಿನದು. ನನಗೆ ಇರುವುದು ಒಬ್ಬಳೇ ಮಗಳು, ಆದ್ದರಿಂದ ನನ್ನ ಪಾಲಿಗೆ ಇಂಥ ಸಂಭ್ರಮ ಒಂದೇ ಸಲ ಬರುವುದು. ನಡುಮನೆಯ ಪಕ್ಕದ ಕೋಣೆಗೆ ಸುಣ್ಣ ಹೊಡೆಸಲು ಹೇಳಿದ್ದೇನೆ. ಅಂಟಿನ ಉಂಡಿಗೆ ಅಂಟು ತರಿಸಿದ್ದೇನೆ. ಡಿಸೆಂಬರಿಗೆ ಇನ್ನೂ ಬಹಳ ದಿನ ಎಂದು ಮಾಸ್ತರರು ನಗುತ್ತಾರೆ, ನಗಲಿ. ನೀವು ಹೂ ಮುಡಿಸಿ ಯಾವಾಗ ಕಳಿಸುತ್ತೀರಿ ಎಂಬುದನ್ನು ತಿಳಿಸಿದರೆ ಇವರು ಕರೆಯಲು ಬರುತ್ತಾರೆ.

ನಿಮ್ಮ ಬೀಗತಿ
ಭಾಗೀರಥಿ


ಗದಗ
೧೬ ಜುಲೈ ೧೯೫೬

ಸೌ. ಭಾಗೀರಥಿಬಾಯಿಯವರಿಗೆ ತಾರಾಬಾಯಿ ಮಾಡುವ ನಮಸ್ಕಾರ.

ಕಾಗದ ಓದಿ ಸಂತೋಷವಾಯಿತು. ಚೊಚ್ಚಲು ತವರಿನದು ಎಂಬುದು ನನಗೂ ಗೊತ್ತು. ಆದರೆ ಪದ್ಮಾಳನ್ನು ಕಳಿಸುವ ಮನಸ್ಸು ನನಗಿಲ್ಲ. ಸುತ್ತಿ ಬಳಸಿ ಬರೆಯುವುದು ನನಗೆ ಬರುವುದಿಲ್ಲ, ತಪ್ಪು ತಿಳಿಯಬೇಡಿ.

ಕಾರಣ ನಿಮ್ಮ ಮನೆಯಲ್ಲ, ನಿಮ್ಮ ಓಣಿಯ ದವಾಖಾನೆ. ಮದುವೆಗೆ ಬಂದಾಗ ಟಾಂಗಾದಿಂದ ಇಳಿಯುತ್ತ ನನ್ನ ಕಾಲು ಉಳುಕಿತ್ತು, ನೆನಪಿರಬಹುದು. ನೀವೇ ನನ್ನನ್ನು ಅಲ್ಲಿಗೆ ಕಳಿಸಿದಿರಿ. ಹೋಗಿ ನೋಡಿದರೆ ಹೆಂಗಸರೆಲ್ಲ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದಾರೆ, ಗೋಡೆಯಲ್ಲಿ ಒಂದು ಕಿಂಡಿ. ಸರತಿ ಬಂದಾಗ ಅದರೊಳಗೆ ಕೈ ತೂರಿಸಬೇಕಂತೆ. ತೂರಿಸಿದೆ. ಒಳಗಿನಿಂದ ಯಾರೋ ಮಣಿಕಟ್ಟು ಹಿಡಿದರು, ಬಿಟ್ಟರು. “ಕಾಲು ಉಳುಕ್ಯದರಿ” ಎಂದೆ. “ದಿನಕ್ಕ ಮೂರು ಸಲ” ಎಂದಿತು ಒಳಗಿನ ದನಿ. ಬಾಟಲಿ ಬಂತು. ಉಳುಕಿದ ಕಾಲಿಗೆ ಕೈ ನೋಡಿ, ಬಾಯಿಗೆ ಔಷಧ ಕೊಟ್ಟ ಡಾಕ್ಟರನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ.

ಬಸುರಿಯನ್ನು ಕಣ್ಣಿಂದ ನೋಡದ ಡಾಕ್ಟರ ಊರಿಗೆ ನನ್ನ ಸೊಸೆಯನ್ನು ಹೇಗೆ ಕಳಿಸಲಿ? ಇಲ್ಲಿ ಗದಗಿನಲ್ಲಿ ಕಾಲಿಗೆ ಕಾಲು, ಕಣ್ಣಿಗೆ ಕಣ್ಣು ನೋಡುವವರಿದ್ದಾರೆ. ನವೆಂಬರಿಗೆ ನಾವೆಲ್ಲ ಮೈಸೂರು ರಾಜ್ಯಕ್ಕೆ ಸೇರುತ್ತೇವೆ, ಆಗ ಎಲ್ಲ ಸುಧಾರಿಸುತ್ತದೆ ಎಂದು ಶ್ರೀಪಾದ ಹೇಳುತ್ತಾನೆ. ಸುಧಾರಿಸಲಿ. ಆದರೆ ಅಷ್ಟರಲ್ಲಿ ಹುಟ್ಟುವ ಕೂಸು ಮದುವೆಗೆ ಬಂದಿರುತ್ತದೆ.

ಸುಣ್ಣ ಹೊಡೆಸಿದ ಕೋಣೆ ಹಾಳಾಗುವುದಿಲ್ಲ. ಕೂಸು ಹುಟ್ಟಿದ ಮೇಲೆ ಕಳಿಸುತ್ತೇನೆ.

ಇಂತು
ತಾರಾಬಾಯಿ


ಲಕ್ಷ್ಮೇಶ್ವರ
೩೦ ಜುಲೈ ೧೯೫೬

ಸೌ. ತಾರಾಬಾಯಿಯವರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿದ ದಿನ ನಾನು ಊಟ ಮಾಡಲಿಲ್ಲ. ಎರಡನೆಯ ದಿನ ಮಾಡಿದೆ, ಏಕೆಂದರೆ ಸಿಟ್ಟು ಬಂದಾಗ ನನಗೆ ಹಸಿವು ಹೆಚ್ಚು. ಮೂರನೆಯ ದಿನ ನೀವು ಹೇಳಿದ್ದು ಸುಳ್ಳು ಎಂದು ಸಾಧಿಸಿ ತೋರಿಸಬೇಕೆಂದು ಪಕ್ಕದ ಮನೆಯ ಮೋತಿಬಿಯನ್ನು ಕಟ್ಟಿಕೊಂಡು ದವಾಖಾನೆಗೆ ಹೋದೆ.

ಮೊದಲ ಸಲ ಕೈ ತೂರಿಸಿ ತಲೆನೋವು ಎಂದೆ. ಕಂದು ಬಾಟಲಿ ಬಂತು. ಸರತಿಯಲ್ಲಿ ಮತ್ತೆ ಹಿಂದೆ ಹೋಗಿ ನಿಂತು, ಮೋತಿಬಿಯ ಬಳೆಗಳನ್ನೂ ಏರಿಸಿಕೊಂಡು, ಹೊಟ್ಟೆನೋವು ಎಂದೆ. ಅದೇ ಕಂದು ಬಾಟಲಿ. ಮೂರನೆಯ ಸಲ ನಾನು ಕೈ ಕೊಟ್ಟೆ, ಮೋತಿಬಿ ಹಿಂದೆ ನಿಂತು ನನ್ನ ಪರವಾಗಿ ಕೆಮ್ಮಿದಳು. ಈ ಸಲ ಬಾಟಲಿಯನ್ನು ಕಾಂಪೌಂಡರ್ ಲಾಡಸಾಬ ಹೊರಗೆ ತಂದು ಕೊಟ್ಟ. ಮೀಸೆಯೊಳಗೆ ನಗುತ್ತಿದ್ದ. ಮನೆಗೆ ಬಂದು ರುಚಿ ನೋಡಿದರೆ ಬರೀ ಸಕ್ಕರೆ ನೀರು! ತಾರಾಬಾಯಿಯವರೇ, ನೀವು ಗೆದ್ದಿರಿ. ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿಕೊಳ್ಳುತ್ತೇನೆ.

ಆದರೆ ಸೋತವಳು ಸುಮ್ಮನೆ ಕೂಡುವ ಪೈಕಿಯಲ್ಲ. ಸಂಜೆ ಲಾಡಸಾಬನನ್ನು ಕರೆದು ಚಹಾ ಕೊಟ್ಟು, ಈ ಕಿಂಡಿ ಎಲ್ಲಿಂದ ಬಂತು ಎಂದು ಕೇಳಿದೆ. ಅವನು ಹೇಳಿದ್ದು ಕೇಳಿ ನನಗೆ ನಗೆಯೂ ಬಂತು, ನಾಚಿಕೆಯೂ ಬಂತು. ಮಿರಜ ಸಂಸ್ಥಾನದ ಕಾಲದಲ್ಲಿ ಒಬ್ಬ ಸಾಹುಕಾರರು ಧರ್ಮಾರ್ಥ ಕಟ್ಟಿಸಿದ ದವಾಖಾನೆ ಅದು. ಈ ಮಾರ್ತಾಂಡರಾವ್ ಡಾಕ್ಟರರು ಮೀಸೆ ಚಿಗುರಿದ ಹುಡುಗರಾಗಿ ಬಂದರಂತೆ. ಬಂದ ಹೊಸದರಲ್ಲೇ ಒಬ್ಬ ಬಾಯಿಯವರ ಕಣ್ಣಿನ ರೆಪ್ಪೆ ಎತ್ತಿ ನೋಡಿದರು. ಆ ಬಾಯಿಯವರು ಕೂಗಿದ ಕೂಗು ಪೇಟೆಯವರೆಗೆ ಕೇಳಿಸಿತಂತೆ. ಮನೆಗೆ ಬಂದು ಉಟ್ಟ ಸೀರೆಯಲ್ಲೇ ತಲೆಯ ಮೇಲೆ ನೀರು ಹೊಯ್ದುಕೊಂಡು, ಸಾಹುಕಾರರ ಬಾಗಿಲಿಗೆ ಹೋಗಿ ಜಗಳ ತೆಗೆದರು. ಅವರ ಹಿಂದೆಯೇ ಮೋತಿಬಿಯ ಅತ್ತೆಯೂ ಹೋಗಿ, ನಮ್ಮದು ಗೋಷಾದ ಮನಿ, ನಮಗೂ ಇದು ಸರಿ ಬರೂದಿಲ್ಲ ಎಂದರು. ಇಬ್ಬರೂ ಸೇರಿ ಕಿಂಡಿ ಕೊರೆಸಿದರು.

ರೆಪ್ಪೆ ಎತ್ತಿಸಿಕೊಂಡ ಬಾಯಿಯವರು ಯಾರು ಎಂದು ಕೇಳಬೇಡಿ. ಕೇಳುತ್ತೀರಿ, ಗೊತ್ತು. ನಮ್ಮ ಅತ್ತೆ. ಸ್ವರ್ಗದಲ್ಲಿದ್ದಾರೆ, ಅಲ್ಲಿಯೂ ಮಡಿಯಲ್ಲೇ ಇರಬೇಕು. ಅವರೂ ಮೋತಿಬಿಯ ಅತ್ತೆಯೂ ಜೀವಮಾನದಲ್ಲಿ ಕೂಡಿ ಒಪ್ಪಿದ ಮಾತು ಅದೊಂದೇ.

ಅತ್ತೆ ತೆಗೆಸಿದ ಕಿಂಡಿಯನ್ನು ಸೊಸೆ ಮುಚ್ಚಿಸುತ್ತಾಳೆ. ಆಗ ಪದ್ಮಾಳನ್ನು ಕಳಿಸುತ್ತೀರೋ ಇಲ್ಲವೋ? ಮಾತು ಕೊಡಿ.

ನಿಮ್ಮ ಬೀಗತಿ
ಭಾಗೀರಥಿ


ಗದಗ
೮ ಆಗಸ್ಟ್ ೧೯೫೬

ಸೌ. ಭಾಗೀರಥಿಬಾಯಿಯವರಿಗೆ,

ನಿಮ್ಮ ಕಾಗದವನ್ನು ಪದ್ಮಾ ಜೋರಾಗಿ ಓದಿದಳು. ಕೆಮ್ಮಿನ ಭಾಗ ಬಂದಾಗ ನಕ್ಕು ನಕ್ಕು ಅವಳಿಗೆ ಬಿಕ್ಕಳಿಕೆ ಹತ್ತಿತು. ನಾನೂ ನಕ್ಕೆ.

ಮಾತು ಕೊಡಲಾರೆ. ಏಕೆಂದು ಹೇಳಿಬಿಡುತ್ತೇನೆ. ಪದ್ಮಾಗೆ ಇದನ್ನು ಹೇಳಿಲ್ಲ, ಬಸುರಿಗೆ ಹೇಳುವ ಮಾತಲ್ಲ. ಈ ಕಾಗದ ಅವಳ ಕೈಗೆ ಸಿಗದಂತೆ ನಾನೇ ಅಂಚೆಗೆ ಹಾಕುತ್ತೇನೆ.

ನನಗೊಬ್ಬಳು ತಂಗಿ ಇದ್ದಳು. ನಮ್ಮ ತವರು ಹಮ್ಮಿಗಿ, ಹೊಳೆಯ ದಂಡೆ. ಚೊಚ್ಚಲು ಎಂದು ಕರೆತಂದೆವು. ಎಂಟನೆಯ ತಿಂಗಳಲ್ಲಿ ಅವಳ ಮುಖ ದುಂಡಗಾಯಿತು, ಕೈಕಾಲು ತುಂಬಿಕೊಂಡವು. ಬಳೆ ಏರದಾದವು. ತವರಿನ ಊಟ ಮೈಗೆ ಹತ್ತಿದೆ ಎಂದು ಎಲ್ಲರೂ ಸಂತೋಷಪಟ್ಟೆವು. ಮುಂಡರಗಿಯಿಂದ ವೈದ್ಯರು ಬಂದರು. ಅವರೂ ಪರದೆಯ ಆಚೆಯಿಂದ ಕೈ ಮಾತ್ರ ನೋಡಿ, ನಾಡಿ ಚಲೋ ಅದ ಎಂದು ಹೋದರು. ಅದು ಮೈ ತುಂಬಿದ್ದಲ್ಲ, ಬಾವು. ಕೂಸೂ ಉಳಿಯಲಿಲ್ಲ, ಅವಳೂ ಉಳಿಯಲಿಲ್ಲ.

ನನಗೆ ಬೇಕಾದದ್ದು ಮುಚ್ಚಿದ ಕಿಂಡಿ ಅಲ್ಲ, ಮುಖ ನೋಡುವ ಡಾಕ್ಟರು.

ತಾರಾಬಾಯಿ


ಲಕ್ಷ್ಮೇಶ್ವರ
೨ ಸೆಪ್ಟೆಂಬರ್ ೧೯೫೬

ತಾರಾಬಾಯಿಯವರೇ,

ಇಷ್ಟು ದಿನ ಬರೆಯಲಿಲ್ಲ. ನಿಮ್ಮ ಕಾಗದಕ್ಕೆ ಬರೀ ಮಾತಿನ ಉತ್ತರ ಕೊಡಲು ಮನಸ್ಸಾಗಲಿಲ್ಲ. ಈಗ ಹೇಳಲು ಏನೋ ಇದೆ.

ಮೊದಲು ಮನೆ ಮನೆಗೆ ಹೋಗಿ ಹೆಂಗಸರಿಗೆ ಹೇಳಿದೆ, ಒಳಗೆ ಹೋಗಿ ತೋರಿಸಿಕೊಳ್ಳೋಣ ಎಂದು. ಅಗ್ರಹಾರದವರು, “ಎಲ್ಲಾರನ್ನೂ ಮುಟ್ಟಿದ ಕೈ ಅದು, ಮುಟ್ಟಿಸಿಕೊಂಡು ಬಂದು ಮತ್ತ ನೀರ ಹೊಯ್ಕೋಬೇಕು, ಜ್ವರದಾಗ ಅದು ಆಗ್ತದೇನು?” ಎಂದರು. ಮೋತಿಬಿ, “ನಮ್ಮವರು ನನ್ನ ಮನಿ ಹೊರಗ ಹಾಕ್ತಾರ” ಎಂದಳು. ಎಲ್ಲರೂ ನನ್ನ ಮಾತು ಖರೆ ಎಂದರು, ಒಬ್ಬಳೂ ಏಳಲಿಲ್ಲ. ಡಾಕ್ಟರಿಗೆ ಲಾಡಸಾಬನ ಕೈಯಲ್ಲಿ ಹೇಳಿ ಕಳಿಸಿದರೆ, ಅವರೇ ಬೇಡ ಎಂದದ್ದಲ್ಲವೇ, ಮತ್ತೆ ಕೂಗಿದರೆ ಏನು ಮಾಡಲಿ ಎಂದರಂತೆ. ನೋಡಿ, ಅವರು ಹೆದರಿಕೊಂಡು ಕುಳಿತಿದ್ದಾರೆ! ಹೆಂಗಸರು ಡಾಕ್ಟರಿಗೆ ಅಂಜಿದರೆ ಡಾಕ್ಟರು ಹೆಂಗಸರಿಗೆ ಅಂಜಿದ್ದಾರೆ.

ಆಗ ನನಗೆ ಶ್ರಾವಣ ಶುಕ್ರವಾರ ಹೊಳೆಯಿತು. ಕರೆದರೆ ಬರಲಾರೆ ಎಂದು ಯಾವ ಮುತ್ತೈದೆಯೂ ಹೇಳಲಾಗದ ಕರೆ ಒಂದೇ. ಕೊನೆಯ ಶುಕ್ರವಾರ ಅರಿಷಿಣ ಕುಂಕುಮಕ್ಕೆ ಬನ್ನಿ ಎಂದು ಓಣಿಗೆಲ್ಲ ಹೇಳಿದೆ. ಮೋತಿಬಿಗೂ ಸುಗ್ರಾಬಿಗೂ ಹೂವು ಸಕ್ಕರೆಗೆ ಬನ್ನಿ ಎಂದೆ. ಎಲ್ಲರೂ ಬಂದರು. ನಾನು ತಟ್ಟೆ ಎತ್ತಿಕೊಂಡು, “ಈ ಸಲ ದವಾಖಾನಿಯೊಳಗ ಕೊಡ್ತೀನಿ, ನಡೀರಿ” ಎಂದು ಮುಂದೆ ಹೊರಟೆ. ಹಿಂದೆ ಗುಜುಗುಜು ಎದ್ದಿತು. ಕುಂಕುಮ ಬಿಟ್ಟು ಮನೆಗೆ ಹೋಗುವ ಧೈರ್ಯ ಯಾರಿಗೂ ಇಲ್ಲ. ಬಂದರು! ಲಾಡಸಾಬ ಗಂಡಸರನ್ನೆಲ್ಲ ಬೀದಿಯ ಆಚೆಗೆ ನಿಲ್ಲಿಸಿ ಬಾಗಿಲು ಕಾದ.

ಡಾಕ್ಟರು ನಮ್ಮ ಬಳೆಗಳ ಸದ್ದು ಕೇಳಿ ಔಷಧದ ಕೋಣೆಯೊಳಗೆ ಸೇರಿಕೊಂಡರು. ನಾವು ಜಮಖಾನೆ ಹಾಸಿ ಕುಳಿತೆವು. ಕುಂಕುಮ ಹಚ್ಚಿದೆ, ಹೂವು ಕೊಟ್ಟೆ, ಕೋಸಂಬರಿ ಹಂಚಿದೆ. ಕೋಣೆಯ ಬಾಗಿಲಿಗೂ ಒಂದು ಎಲೆ ಕೋಸಂಬರಿ ಕಳಿಸಿದೆ. ಎಲೆ ಖಾಲಿಯಾಗಿ ಹೊರಗೆ ಬಂತು. ಸ್ವಲ್ಪ ಹೊತ್ತಿಗೆ ಡಾಕ್ಟರೂ ಬಂದರು. ತಲೆ ಎತ್ತಿರಲಿಲ್ಲ. ಕೋಸಂಬರಿಗೆ ಚಾಚಿದ ಕೈಗಳನ್ನೇ ನೋಡುತ್ತ ನಿಂತವರು ಮೆಲ್ಲಗೆ ಒಂದು ಕೈಗೆ, “ಇದು ಹಂಚಿನ ಮ್ಯಾಲ ಸುಟ್ಟ ಕೈ. ಜ್ವರಾ ಬಿಡ್ತೇನ್ರಿ?” ಎಂದರು. ಮತ್ತೊಂದಕ್ಕೆ, “ಇದು ಬಣ್ಣದ ಕೈ. ನಿಮ್ಮ ಕೂಸು ಈಗ ಹಾಲು ಕುಡೀತದೇನ್ರಿ?” ಎಂದರು. ಅದು ನೂಲಿಗೆ ಬಣ್ಣ ಹಾಕುವ ಸುಗ್ರಾಬಿಯ ಕೈ. ಅವಳು ಬೆರಗಾಗಿ ಹೂಂ ಎಂದಳು. ಮೋತಿಬಿಗೆ, “ನಿಮ್ಮ ಉಗುರು ಬೆಳ್ಳಗಾಗ್ಯಾವ, ರಕ್ತ ಕಡಿಮಿ ಅದ. ನಾ ಕೊಟ್ಟ ಔಷಧ ಕುಡದ್ರೇನು?” ಎಂದು ಕೇಳಿದರು. “ಕಹಿ ಇತ್ತರಿ, ಮಲ್ಲಿಗಿ ಗಿಡಕ್ಕ ಹಾಕೀನಿ. ಗಿಡಾ ಚಲೋ ಆಗೈತಿ” ಎಂದಳು ಪುಣ್ಯಾತ್ಗಿತ್ತಿ. ಇಡೀ ದವಾಖಾನೆ ನಕ್ಕಿತು. ಆ ನಗುವಿಗೆ ಡಾಕ್ಟರು ತಲೆ ಎತ್ತಿದರು, ಎಲ್ಲರ ಮುಖ ನೋಡಿದರು, ತಾವೂ ನಕ್ಕರು. ನನ್ನ ಸರತಿ ಬಂದಾಗ, “ಬಾಯಾರ, ನೀವು ಒಂದ ದಿನ ಮೂರು ಸಲ ಬಂದ ಕೈ. ಸಕ್ರಿ ನೀರು ಹಿಡಿಸ್ತೇನು?” ಎಂದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಅವರು ಮುಖ ನೋಡಿದರು, ತಾರಾಬಾಯಿಯವರೇ.

ಭಾಗೀರಥಿ


ಗದಗ
೧೦ ಸೆಪ್ಟೆಂಬರ್ ೧೯೫೬

ಸೌ. ಭಾಗೀರಥಿಬಾಯಿಯವರಿಗೆ,

ಓದಿದೆ. ನಿಮಗೆ ಯಾರೂ ಸಮ ಇಲ್ಲ. ಆದರೆ ಅರಿಷಿಣ ಕುಂಕುಮದ ದಿನ ಎಲ್ಲರ ಮನೆಯೂ ಚೆನ್ನಾಗಿಯೇ ಕಾಣುತ್ತದೆ. ಮರುವಾರ ಏನಾಯಿತು ಎಂಬುದನ್ನು ಬರೆಯಿರಿ. ಪದ್ಮಾ ಸುಖವಾಗಿದ್ದಾಳೆ. ಬದನೆಕಾಯಿ ಎಣಗಾಯಿ ಬೇಕೆಂದು ಹಟ ಮಾಡಿದಳು, ಮಾಡಿ ಹಾಕಿದೆ. ನಿಮ್ಮ ಕೈಯ ರುಚಿ ಇಲ್ಲವಂತೆ.

ತಾರಾಬಾಯಿ


ಲಕ್ಷ್ಮೇಶ್ವರ
೫ ಅಕ್ಟೋಬರ್ ೧೯೫೬

ತಾರಾಬಾಯಿಯವರಿಗೆ ನಮಸ್ಕಾರ.

ಮರುವಾರ ಏನಾಯಿತು ಎಂದು ಕೇಳಿದ್ದಿರಿ. ಬರೆಯಲು ನಾಚಿಕೆಯಾಗಿ ಇಷ್ಟು ದಿನ ತಳ್ಳಿದೆ. ಎಲ್ಲರೂ ಮತ್ತೆ ಕಟ್ಟೆಯ ಮೇಲೆಯೇ ಕುಳಿತು ಕಿಂಡಿಯೊಳಗೆ ಕೈ ತೂರಿಸಿದರು. ಯಾರ ಒತ್ತಾಯವೂ ಇರಲಿಲ್ಲ, ರೂಢಿ ಅಷ್ಟೇ. ಬಾಗಿಲು ತೆರೆದೇ ಇತ್ತು. ನಾನು ಬಯ್ದೆ, ಕೈ ಹಿಡಿದು ಎಳೆದೆ. “ಹಬ್ಬದ ಮಾತು ಬ್ಯಾರೆ ಅಲ್ಲೇನ್ರಿ” ಎಂದರು. ಮನೆಗೆ ಬಂದು ಆ ಸುಣ್ಣ ಹೊಡೆಸಿದ ಕೋಣೆಯಲ್ಲಿ ಕುಳಿತು ಅತ್ತೆ. ನನ್ನ ಮಗಳು ಬರುವುದಿಲ್ಲ ಎಂದು ಅವತ್ತು ಖಾತ್ರಿಯಾಯಿತು.

ಕಳೆದ ಸೋಮವಾರ ನಾನಿಲ್ಲದಾಗ ನಡೆದದ್ದನ್ನು ಮೋತಿಬಿ ಓಡಿ ಬಂದು ಹೇಳಿದಳು. ಅವಳು ಎಂದಿನಂತೆ ಕಿಂಡಿಗೆ ಕೈ ಹಾಕಿದರೆ ಬೆರಳು ಕಟ್ಟಿಗೆಗೆ ತಾಕಿತಂತೆ. ಡಾಕ್ಟರು ಔಷಧದ ಕಪಾಟನ್ನು ಲಾಡಸಾಬನ ಜೊತೆ ಎಳೆದು ತಂದು ಕಿಂಡಿಗೆ ಅಡ್ಡ ನಿಲ್ಲಿಸಿದ್ದರು! ಆಮೇಲೆ ತಾವೇ ಹೊಸ್ತಿಲಿಗೆ ಬಂದು ನಿಂತರಂತೆ. “ನಿಮ್ಮ ಮುಖಾ ನೋಡಿದ ಮ್ಯಾಲ ಬರೇ ಕೈ ನೋಡಿ ಔಷಧ ಕೊಡ್ಲಿಕ್ಕೆ ನನಗ ಮನಸ್ಸಾಗವಲ್ದು. ಮುಂಜಾನೆ ಹೊತ್ತು ಹೆಣಮಕ್ಕಳಿಗೆ ಅಷ್ಟ. ಗಂಡಸರು ಆಮ್ಯಾಲ ಬರ್ಲಿ. ನೀವು ಒಳಗ ಬರ್ರಿ, ಇಲ್ಲಂದ್ರ ನಾನ ಹೊರಗ ಬಂದು ನಿಮ್ಮ ಕಟ್ಟಿ ಮ್ಯಾಲ ಕುಂಡ್ರತೀನಿ” ಎಂದರಂತೆ. ಡಾಕ್ಟರು ಬೀದಿಯಲ್ಲಿ ಬಂದು ಕೂಡುವುದಕ್ಕಿಂತ ತಾವು ಒಳಗೆ ಹೋಗುವುದೇ ಮರ್ಯಾದೆ ಎಂದು ಎಲ್ಲರೂ ಎದ್ದು ಒಳಗೆ ಹೋದರು. ಮೋತಿಬಿಯ ಗಂಡ ರಹಮಾನಸಾಬ, “ಗಂಡಸರು ಇಲ್ಲಂದ್ರ ನಂದೇನೂ ತಕರಾರಿಲ್ಲ” ಎಂದ.

ಇವತ್ತಿಗೆ ಐದನೆಯ ದಿನ. ಕಪಾಟು ಅಲ್ಲಿಯೇ ಇದೆ. ಇನ್ನು ನಿಮ್ಮ ಇಷ್ಟ. ನಾನು ಮತ್ತೆ ಕೇಳುವುದಿಲ್ಲ.

ಭಾಗೀರಥಿ


ಗದಗ
೨೭ ಅಕ್ಟೋಬರ್ ೧೯೫೬

ಸೌ. ಭಾಗೀರಥಿಬಾಯಿಯವರಿಗೆ,

ಒಂದು ತಪ್ಪು ಮಾಡಿದ್ದೇನೆ. ಬೇರೆಯವರ ಬಾಯಿಂದ ತಿಳಿಯುವ ಮೊದಲು ನಾನೇ ಬರೆಯುತ್ತೇನೆ. ದಸರೆ ಮುಗಿದ ವಾರ ನಾನು ನಿಮ್ಮ ಊರಿಗೆ ಬಂದಿದ್ದೆ. ಬೀಗರ ಊರಿಗೆ ಬಂದು ಬೀಗರ ಮನೆಯ ಹೊಸ್ತಿಲು ತುಳಿಯದೆ ಹೋದೆ. ನಮ್ಮ ಕುಲದಲ್ಲಿ ಇಂಥದ್ದು ಯಾರೂ ಮಾಡಿಲ್ಲ.

ಜೊತೆಗೆ ಬೆಟಗೇರಿಯ ಬನಶಂಕರೆವ್ವ ಬಂದಿದ್ದಳು. ನಮಗೆ ಸೀರೆ ನೇಯ್ದು ಕೊಡುವವಳು. ಅವಳ ಒಂದು ಸೀರೆ ಉಟ್ಟು, ಗುರುತು ಹತ್ತದಂತೆ ಸೆರಗು ಹೊದ್ದು, ಮುಂಜಾನೆಯ ಬಸ್ಸಿಗೆ ಬಂದೆ. ದವಾಖಾನೆಯಲ್ಲಿ ನಿಮ್ಮ ಮೋತಿಬಿ ನನ್ನ ಪಕ್ಕದಲ್ಲೇ ಕುಳಿತು ಯಾವ ಊರು ಎಂದಳು. ಸೊರಟೂರ ಎಂದು ಸುಳ್ಳು ಹೇಳಿದೆ. ಅಲ್ಲಿ ತನ್ನ ಬಳಗ ಇದೆ ಎಂದು ಒಬ್ಬೊಬ್ಬರ ಹೆಸರು ಹಿಡಿದು ಕ್ಷೇಮ ಕೇಳತೊಡಗಿದಳು. ಎಲ್ಲರೂ ಆರಾಮ ಇದ್ದಾರೆ ಎಂದೆ. ಅವರಲ್ಲಿ ಒಬ್ಬ ತೀರಿಕೊಂಡು ಬಹಳ ವರ್ಷವಾಯಿತಂತೆ.

ನನ್ನ ಸರತಿ ಬಂತು. ಸುಮ್ಮನೆ ದಣಿವು ಎಂದೆ. ಡಾಕ್ಟರು ಕುರ್ಚಿ ಕೊಟ್ಟರು. ಮುಖ ನೋಡಿದರು, ರೆಪ್ಪೆ ಎತ್ತಿದರು, ನಾಲಿಗೆ ತೋರಿಸಲು ಹೇಳಿದರು. ಆಮೇಲೆ ಬಗ್ಗಿ ನನ್ನ ಕಾಲನ್ನು ಬೆರಳಿನಿಂದ ಒತ್ತಿ, ಕುಳಿ ಬೀಳುತ್ತದೆಯೇ ಎಂದು ನೋಡಿದರು. “ಯಾಕ್ರಿ ಹಂಗ ನೋಡ್ತೀರಿ?” ಎಂದು ಕೇಳಿದೆ. “ಬಾವು ಅದ ಏನಂತ ನೋಡಿದೆ. ಮೊದಲ ನೋಡಿದ್ರ ಭಾಳ ಮಂದಿ ಉಳೀತಾರ” ಎಂದರು. ಅವರು ಒತ್ತಿದ ಜಾಗವನ್ನೇ ನೋಡುತ್ತ ಕುಳಿತುಬಿಟ್ಟೆ. ಅವರು ನೀರು ತರಿಸಿದರು. ನಿಮಗೆ ಮನಸ್ಸಿಗೆ ದಣಿವು ಆಗಿದೆ, ಔಷಧ ಬೇಡ, ಮಜ್ಜಿಗೆ ಕುಡಿಯಿರಿ ಎಂದು ಕಳಿಸಿದರು. ನಿಮ್ಮ ಮನೆಗೆ ಬಂದರೆ ಅಳುತ್ತೇನೆ ಎಂದು ಅಂಜಿ ಮಧ್ಯಾಹ್ನದ ಬಸ್ಸು ಹಿಡಿದೆ.

ಹೊಸ ರಾಜ್ಯದ ಮೆರವಣಿಗೆಯನ್ನು ಗದಗಿನಲ್ಲೇ ನೋಡಬೇಕೆಂದು ಪದ್ಮಾಳ ಆಸೆ. ಅದು ಆಗಲಿ. ಅದರ ಬೆನ್ನಿಗೇ ದೀಪಾವಳಿ. ಪಾಡ್ಯ ಮುಗಿದ ಮೇಲೆ ಹೂ ಮುಡಿಸಿ ಶ್ರೀಪಾದನೇ ಕರೆತರುತ್ತಾನೆ. ಎಣಗಾಯಿ ಮಾಡಿ ಇಡಿ.

ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ
ತಾರಾ


ಲಕ್ಷ್ಮೇಶ್ವರ
೧೪ ಡಿಸೆಂಬರ್ ೧೯೫೬

ತಾರಾಬಾಯಿ, ತಾರಾಬಾಯಿ,

ಅಂಚೆ ಕಚೇರಿಯಿಂದ ಕಳಿಸಿದ ತಾರು ಮುಟ್ಟಿರಬೇಕು. ಆದರೂ ನನ್ನ ಕೈಯಿಂದ ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ಬುಧವಾರ ಸೂರ್ಯ ಹುಟ್ಟುವ ಹೊತ್ತಿಗೆ ನಿಮ್ಮ ಮೊಮ್ಮಗಳು ಹುಟ್ಟಿದಳು. ಮೂಗು ನಿಮ್ಮದು. ಹಟವೂ ನಿಮ್ಮದೇ ಇರಬೇಕು, ಮುಷ್ಟಿ ಬಿಡಿಸಲು ಬರುವುದಿಲ್ಲ. ಪದ್ಮಾ ಸುಖವಾಗಿದ್ದಾಳೆ.

ಈಗ ಹೇಳುತ್ತೇನೆ, ಆಗ ಹೇಳಿದ್ದರೆ ನೀವು ಗದಗಿನಿಂದ ನಡೆದೇ ಬರುತ್ತಿದ್ದಿರಿ. ನವೆಂಬರ್ ಕೊನೆಗೆ ಪದ್ಮಾಳ ಕೆನ್ನೆ ತುಂಬಿಕೊಂಡಿತು. ನೋಡಿದವರೆಲ್ಲ ತವರಿನ ಊಟ ಎಂದು ನನ್ನನ್ನು ಹೊಗಳಿದರು. ನಾನು ಹೊಗಳಿಕೆಗೆ ಹಿಗ್ಗುವವಳು, ನಿಮಗೆ ಗೊತ್ತು. ಆದರೆ ನೀವು ಬರೆದದ್ದು ನೆನಪಾಯಿತು. ಕೈಯಲ್ಲಿದ್ದ ಸೌಟು ಬಿಟ್ಟು ದವಾಖಾನೆಗೆ ಹೋದೆ. ಡಾಕ್ಟರು ನನ್ನ ಹಿಂದೆಯೇ ಬಂದರು. ಅವಳ ಮುಖ ನೋಡಿದರು, ಕಾಲು ಒತ್ತಿದರು, ತೋಳಿಗೆ ಪಟ್ಟಿ ಕಟ್ಟಿ ರಕ್ತದ ಒತ್ತಡ ನೋಡಿದರು. ಈಗಷ್ಟೇ ಶುರುವಾಗಿದೆ, ಅಂಜಬೇಡಿ ಎಂದರು. ಉಪ್ಪಿಲ್ಲದ ಊಟ, ಹಾಸಿಗೆ ಬಿಟ್ಟು ಏಳಕೂಡದು ಎಂದರು. ದಿನಾ ಮುಂಜಾನೆ ತಾವೇ ಬಂದರು. ಹೆರಿಗೆಯ ದಿನ ಒಳಗೆ ಸೂಲಗಿತ್ತಿ ಚೌಡವ್ವ, ಬಾಗಿಲಲ್ಲಿ ಅವರು. ಕೂಸು ಅತ್ತ ಕೂಡಲೇ ಚೌಡವ್ವ ಎದ್ದು ಬಂದು, “ಒಳಗ ಬರ್ರಿ ಡಾಕ್ಟರ, ಮುಖಾ ನೋಡ್ರಿ” ಎಂದಳು. ಅವರು ಕೂಸಿನದಕ್ಕಿಂತ ಮೊದಲು ಪದ್ಮಾಳ ಮುಖ ನೋಡಿದರು. ಆಮೇಲೆ ನನ್ನನ್ನು ನೋಡಿ, “ಚಲೋ ಅದ” ಎಂದರು.

ನನ್ನ ಮಗಳನ್ನು ಉಳಿಸಿದ್ದು ಡಾಕ್ಟರೂ ಹೌದು. ಆದರೆ ಆ ಕಾಗದ ನೀವು ಬರೆಯದಿದ್ದರೆ ನಾನು ಸೌಟು ಹಿಡಿದು ಇನ್ನಷ್ಟು ತುಪ್ಪ ಬಡಿಸುತ್ತ ನಿಲ್ಲುತ್ತಿದ್ದೆ. ನಿಮ್ಮ ತಂಗಿ ನನ್ನ ಮಗಳನ್ನು ಉಳಿಸಿದಳು.

ಹನ್ನೆರಡನೆಯ ದಿನ ಹೆಸರಿಡಬೇಕು. ಹೆಸರು ನಿಮ್ಮ ಮನೆಯ ಹಕ್ಕು, ನಾನು ಬಾಯಿ ಹಾಕಬಾರದು. ಆದರೂ ಹಾಕುತ್ತೇನೆ. ಪದ್ಮಾಗೆ ಎಲ್ಲ ಹೇಳಿದೆ, ಅವಳೂ ಇದನ್ನೇ ಅಂದಳು. ಬಸುರಿನಲ್ಲಿ ಹೋದವಳ ಹೆಸರು ಕೂಸಿಗೆ ಇಡಬಾರದು ಎನ್ನುವವರು ಎನ್ನಲಿ, ಅವರಿಗೆ ನಾನು ಉತ್ತರ ಕೊಡುತ್ತೇನೆ. ನೀವು ಅಷ್ಟೆಲ್ಲ ಬರೆದಿರಿ, ಅವಳ ಹೆಸರು ಮಾತ್ರ ಬರೆಯಲಿಲ್ಲ. ಏನದು?

ನಿಮ್ಮ
ಭಾಗೀರಥಿ


ಗದಗ
೧೭ ಡಿಸೆಂಬರ್ ೧೯೫೬

ಭಾಗೀರಥಿ,

ವೇಣೂಬಾಯಿ. ಮನೆಯಲ್ಲಿ ವೇಣಿ ಎನ್ನುತ್ತಿದ್ದೆವು.

ಅವಳು ಹೋದ ಮೇಲೆ ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತಲಿಲ್ಲ. ಅಪ್ಪ ಎತ್ತಗೊಡಲಿಲ್ಲ, ಆಮೇಲೆ ನಮಗೇ ಬಾಯಿ ಬರಲಿಲ್ಲ. ಶ್ರೀಪಾದನಿಗೆ ತನಗೊಬ್ಬಳು ಚಿಕ್ಕಮ್ಮ ಇದ್ದಳು ಎಂಬುದು ಈ ಸಂಜೆ ಗೊತ್ತಾಯಿತು. ಅವನಿಗೆ ಅಕ್ಕತಂಗಿಯರಿಲ್ಲ, ಆದ್ದರಿಂದ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ನಾನೇ. ಹಿಂದಿನ ದಿನವೇ ಬರುತ್ತೇನೆ. ಈ ಸಲ ನೇರ ನಿಮ್ಮ ಮನೆಗೆ.

ನಿಮ್ಮ ಕಾಗದ ಓದಿ ಹಿತ್ತಿಲಿಗೆ ಹೋದೆ. ಇಷ್ಟು ವರ್ಷದ ಮೇಲೆ ಹೇಳಲು ಬರುತ್ತದೆಯೋ ಇಲ್ಲವೋ ಎಂದು ಒಂದು ಸಲ ಮೆಲ್ಲಗೆ ಅಂದು ನೋಡಿದೆ. ಬಂತು. ಆಮೇಲೆ ಜೋರಾಗಿ ಕರೆದೆ, ವೇಣೀ ಎಂದು. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ, “ಯಾರನ್ನ ಕರೀಲಿಕ್ಕತ್ತೀರಿ ತಾರಾಬಾಯಿ?” ಎಂದರು.

“ನನ್ನ ಮೊಮ್ಮಗಳನ್ನ” ಎಂದೆ.

ನಿಮ್ಮ
ತಾರಾ